ಇಳಿಸಿಕೊಂಡ ಫೈಲು ಯಾರದ್ದು? ಡಯಲ್-ಅಪ್ ಹಂಬಲದ ಹಿಂದಿನ ಲೆಕ್ಕ

2025ರ ಸೆಪ್ಟೆಂಬರ್ 30ರಂದು ಅಮೆರಿಕದ ಎಒಎಲ್ ಕಂಪನಿ ತನ್ನ ಡಯಲ್-ಅಪ್, ಅಂದರೆ ಮನೆಯ ಫೋನ್ ತಂತಿಯ ಮೂಲಕ ಸಿಗುವ ಇಂಟರ್ನೆಟ್ ಸೇವೆಗೆ ಬೀಗ ಹಾಕಿತು. 1991ರಿಂದ ನಡೆದುಬಂದಿದ್ದ ಸೇವೆ ಅದು. ಅಲ್ಲಿನ ಜನಗಣತಿ ಬ್ಯೂರೊದ 2023ರ ಸಮೀಕ್ಷೆಯಂತೆ ಡಯಲ್-ಅಪ್ ಒಂದನ್ನೇ ನೆಚ್ಚಿಕೊಂಡಿದ್ದ ಮನೆಗಳು ಇಡೀ ದೇಶದಲ್ಲಿ ಸುಮಾರು 1.63 ಲಕ್ಷ. ಹಾಗಾಗಿ ಸೇವೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ, ಇಷ್ಟು ದಿನ ನಡೆದದ್ದೇ ಆಶ್ಚರ್ಯ. ಗೊಂದಲ ಹುಟ್ಟಿಸಿದ್ದು ಆಮೇಲಿನ ಪ್ರತಿಕ್ರಿಯೆ. ಒಂದು ಹಾಡು ಇಳಿಯಲು ಕಾಲು ಗಂಟೆ ಕಾದು, ಮಧ್ಯೆ ಯಾರೋ ಫೋನ್ ಎತ್ತಿದ್ದಕ್ಕೆ ಮತ್ತೆ ಮೊದಲಿಂದ ಶುರುಮಾಡಿದವರೇ ಆ ಕಾಲ ಚೆನ್ನಾಗಿತ್ತು ಎನ್ನತೊಡಗಿದರು. ಆ ಕಾಲವನ್ನು ಕಂಡೇ ಇರದ ಇಪ್ಪತ್ತರ ಹರೆಯದವರೂ 2022ರಲ್ಲೇ ಮಾರಾಟ ನಿಂತ ಐಪಾಡ್‌ಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ.

ಅದೇ 2025ರಲ್ಲಿ ಇನ್ನೆರಡು ಸಂಗತಿ ನಡೆದವು. ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಹೊಸ ಕಾನೂನು ಜಾರಿಗೆ ಬಂತು: ಆನ್‌ಲೈನ್ ಅಂಗಡಿಗಳು ಸಿನಿಮಾ, ಪುಸ್ತಕ, ಗೇಮುಗಳನ್ನು ‘ಖರೀದಿಸಿ’ ಎಂದು ಮಾರುವಾಗ, ಗ್ರಾಹಕನಿಗೆ ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ಹೇಳಬೇಕು. ಫೆಬ್ರುವರಿ 26ರಂದು ಅಮೆಜಾನ್, ತನ್ನ ಇ-ಪುಸ್ತಕ ಓದುವ ಸಾಧನವಾದ ಕಿಂಡಲ್‌ನ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಕೇಬಲ್ ಮೂಲಕ ಸಾಧನಕ್ಕೆ ಹಾಕಿಕೊಳ್ಳುವ ಹಳೆಯ ಸೌಲಭ್ಯವನ್ನು ತೆಗೆದುಹಾಕಿತು.

ಮೂರೂ ಬೇರೆ ಬೇರೆ ಸುದ್ದಿಗಳಾಗಿ ಪ್ರಕಟವಾದವು. ಪಕ್ಕಪಕ್ಕ ಇಟ್ಟು ಓದಿದರೆ ಅವುಗಳ ನಡುವಿನ ನಂಟು ಕಾಣುತ್ತದೆ. ನಿಧಾನದ ಕಾಲದಲ್ಲಿ ಜನ ಫೈಲುಗಳನ್ನು ಕೂಡಿಟ್ಟದ್ದು ಹವ್ಯಾಸಕ್ಕಲ್ಲ, ಹಾಗೆ ಮಾಡದೆ ಗತಿಯಿರಲಿಲ್ಲ. ವೇಗ ಬಂದಂತೆ ಕೂಡಿಡುವ ಅಗತ್ಯ ಹೋಯಿತು. ಅಗತ್ಯ ಹೋದ ಮೇಲೆ, ಕೂಡಿಡುವ ಅವಕಾಶವನ್ನೇ ಕಂಪನಿಗಳು ಹಿಂತೆಗೆದುಕೊಂಡಾಗ ಹೆಚ್ಚಿನವರಿಗೆ ಅದು ಗೊತ್ತೇ ಆಗಲಿಲ್ಲ. ಇಂದಿನ ಹಂಬಲ ತಡವಾಗಿ ಗೊತ್ತಾದದ್ದರ ಫಲ.

ಒಂದು ಎಂಬಿಯ ಬೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ಸರ್ಕಾರಿ ಸ್ವಾಮ್ಯದ ವಿದೇಶ್ ಸಂಚಾರ್ ನಿಗಮ್ ಅಂದರೆ ವಿಎಸ್‌ಎನ್‌ಎಲ್ ಮೂಲಕ. ವ್ಯಕ್ತಿಗತ ಬಳಕೆದಾರರಿಗೆ 9.6 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್; ಎಂಟು ಬಿಟ್‌ಗೆ ಒಂದು ಬೈಟ್) ವೇಗದಲ್ಲಿ 250 ಗಂಟೆಗೆ 5,000 ರೂಪಾಯಿ. ಗಂಟೆಗೆ 20 ರೂಪಾಯಿ ಬಿತ್ತು, ಫೋನ್ ಬಿಲ್ಲು ಅದರ ಮೇಲೆ. ಆ ವೇಗದಲ್ಲಿ ಎಲ್ಲವೂ ಸರಿಯಿದ್ದರೂ ಒಂದು ಎಂಬಿ ಇಳಿಯಲು ಹದಿನಾಲ್ಕೂವರೆ ನಿಮಿಷ ಬೇಕು. ಅಂದರೆ ಎಂಬಿಗೆ ಸುಮಾರು ಐದು ರೂಪಾಯಿ. ನಾಲ್ಕು ಎಂಬಿಯ ಒಂದು ಎಂಪಿ3 ಹಾಡು ಇಳಿಸಲು ಹೆಚ್ಚುಕಡಿಮೆ ಒಂದು ಗಂಟೆ, ಇಪ್ಪತ್ತು ರೂಪಾಯಿ. 1995ರ ಇಪ್ಪತ್ತು ರೂಪಾಯಿ ಎನ್ನುವುದನ್ನು ಮರೆಯಬಾರದು.

ಆಮೇಲೆ 56 ಕೆಬಿಪಿಎಸ್ ಮೋಡೆಮ್‌ಗಳು ಬಂದವು. ಡಬ್ಬದ ಮೇಲೆ ಬರೆದಿದ್ದ ವೇಗ ಮನೆಯ ಹಳೆಯ ತಂತಿಯಲ್ಲಿ ಸಿಗುತ್ತಿದ್ದದ್ದು ಅಪರೂಪ. ಸೆಕೆಂಡಿಗೆ ಐದು ಕಿಲೋಬೈಟ್ ಇಳಿದರೆ ಅದೇ ಭಾಗ್ಯ. ಆ ಲೆಕ್ಕದಲ್ಲಿ ಹಾಡಿಗೆ ಹದಿನಾಲ್ಕು ನಿಮಿಷ, ಒಂದು ಸಿಡಿಯಷ್ಟು ಅಂದರೆ 700 ಎಂಬಿಯ ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಗೆ ಸುಮಾರು 40 ಗಂಟೆ. 40 ಗಂಟೆ ಯಾರೂ ಫೋನ್ ಲೈನ್ ಹಿಡಿದಿಡಲಾಗದು. ಕಂಪ್ಯೂಟರ್ ಪತ್ರಿಕೆಗಳು ಪ್ರತಿ ತಿಂಗಳು ಜತೆಗೆ ಸಿಡಿ ಕೊಡುತ್ತಿದ್ದದ್ದು, ಓದುಗರು ಲೇಖನಕ್ಕಿಂತ ಆ ಸಿಡಿಗಾಗಿ ಪತ್ರಿಕೆ ಕೊಳ್ಳುತ್ತಿದ್ದದ್ದು ಇದೇ ಕಾರಣಕ್ಕೆ.

2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ತನ್ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಶುರುಮಾಡಿತು. ವೇಗ 256 ಕೆಬಿಪಿಎಸ್. ಮುಂದೆ ಬಂದ ಅದರ ಒಂದು ಯೋಜನೆಯಲ್ಲಿ ಹಗಲಿನ ಬಳಕೆಗೆ ಮಿತಿಯಿತ್ತು, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿದರೂ ಲೆಕ್ಕಕ್ಕಿಲ್ಲ. ಆ ವೇಗದಲ್ಲಿ ಆರು ಗಂಟೆಗೆ ಇಳಿಯುವುದು ಸುಮಾರು 675 ಎಂಬಿ. ಒಂದು ರಾತ್ರಿಗೆ ಸರಿಸುಮಾರು ಒಂದು ಸಿಡಿ! ಎರಡು ಗಂಟೆಗೆ ತಾನೇ ಶುರುವಾಗಿ ಎಂಟಕ್ಕೆ ತಾನೇ ನಿಂತು ಕಂಪ್ಯೂಟರನ್ನೂ ಆರಿಸುವಂತೆ ಡೌನ್‌ಲೋಡ್ ಮ್ಯಾನೇಜರಿಗೆ ಹೇಳಿ ಮಲಗುವುದು ಆ ದಿನಗಳಲ್ಲಿ ಎಷ್ಟೋ ಮನೆಗಳ ದಿನಚರಿಯಾಗಿತ್ತು. ಬೆಳಿಗ್ಗೆ ಎದ್ದು ಮೊದಲು ನೋಡುತ್ತಿದ್ದದ್ದು ಎಷ್ಟು ಶೇಕಡಾ ಆಗಿದೆ ಎಂದು.

ಅರ್ಧಕ್ಕೆ ನಿಂತದ್ದನ್ನು ಮುಂದುವರಿಸುವ ಕಲೆ

ಈ ನೆನಪುಗಳಲ್ಲೆಲ್ಲ 99 ಶೇಕಡಾಕ್ಕೆ ಬಂದು ಸಂಪರ್ಕ ಕಡಿದ ಕಥೆ ಇದ್ದೇ ಇರುತ್ತದೆ. ಕಡಿದರೆ ಮೊದಲಿಂದ ಶುರುಮಾಡಬೇಕಾಗಿತ್ತು ಯಾಕೆ? ವೆಬ್ಬಿನ ಮೊದಲ ದಿನಗಳಲ್ಲಿ ಬ್ರೌಸರ್ ಸರ್ವರನ್ನು ಕೇಳುತ್ತಿದ್ದದ್ದು ಒಂದೇ: ಈ ಫೈಲು ಕೊಡು. ಫೈಲಿನ ಇಷ್ಟನೇ ಬೈಟ್‌ನಿಂದ ಕೊಡು ಎಂದು ಕೇಳುವ ಕ್ರಮ ವೆಬ್ಬಿನ ನಿಯಮಾವಳಿಯಾದ ಎಚ್‌ಟಿಟಿಪಿಯ 1.1 ಆವೃತ್ತಿಯೊಂದಿಗೆ 1997ರಲ್ಲಿ ಸ್ಥಿರವಾಯಿತು. ಫೈಲು ಸಾಗಿಸುವ ಹಳೆಯ ನಿಯಮಾವಳಿ ಎಫ್‌ಟಿಪಿಯಲ್ಲಿ ಅಂಥದ್ದೊಂದು ಆಜ್ಞೆ ಮೊದಲೇ ಇತ್ತು. ಆದರೆ ನಿಯಮ ಬಂದರೆ ಸಾಲದು, ಅತ್ತ ಸರ್ವರ್ ಕೂಡ ಒಪ್ಪಬೇಕು, ಇತ್ತ ಬ್ರೌಸರಿಗೂ ಕೇಳಲು ಬರಬೇಕು. ಆಗಿನ ಬ್ರೌಸರುಗಳು ಇದರಲ್ಲಿ ದಡ್ಡ. ಆ ಸಂದಿಯಲ್ಲಿ ಬೆಳೆದವು ಗೆಟ್‌ರೈಟ್, ಫ್ಲ್ಯಾಶ್‌ಗೆಟ್, ಡೌನ್‌ಲೋಡ್ ಆಕ್ಸಿಲರೇಟರ್ ಪ್ಲಸ್‌ನಂಥ ತಂತ್ರಾಂಶಗಳು.

ಅವು ವೇಗವನ್ನು ಹಲವು ಪಟ್ಟು ಹೆಚ್ಚಿಸುತ್ತವೆ ಎಂಬ ನಂಬಿಕೆ ಇಂದಿಗೂ ಉಳಿದಿದೆ. ಫೈಲನ್ನು ನಾಲ್ಕೋ ಎಂಟೋ ತುಂಡು ಮಾಡಿ ಏಕಕಾಲಕ್ಕೆ ಇಳಿಸುತ್ತಿದ್ದವು ನಿಜ. ಸರ್ವರ್ ಒಂದೊಂದು ಸಂಪರ್ಕಕ್ಕೂ ಮಿತಿ ಹಾಕಿದ್ದರೆ ಅದರಿಂದ ಲಾಭವಿತ್ತು. ಡಯಲ್-ಅಪ್‌ನಲ್ಲಿ ಇಕ್ಕಟ್ಟಿದ್ದದ್ದು ಸರ್ವರ್ ಕಡೆಯಲ್ಲ, ಮನೆಯ ತಂತಿಯಲ್ಲಿ. ಅಲ್ಲಿ ಎಂಟು ತುಂಡು ಮಾಡಿದರೂ ಒಟ್ಟು ಇಳಿಯುವುದು ಅಷ್ಟೇ. ಅವುಗಳ ನಿಜವಾದ ಉಪಕಾರ ನಿಂತಲ್ಲಿಂದ ಮುಂದುವರಿಸುವುದರಲ್ಲಿತ್ತು. ಇದಲ್ಲದೆ ದೊಡ್ಡ ಫೈಲುಗಳನ್ನು ರಾರ್ ತುಂಡುಗಳಾಗಿ ಒಡೆದು ಇಡುತ್ತಿದ್ದರು, ಒಂದು ತುಂಡು ಕೆಟ್ಟರೆ ಅದೊಂದನ್ನೇ ಮತ್ತೆ ಇಳಿಸಿದರೆ ಸಾಕು. ಕೊನೆಗೆ ಫೈಲಿನ ಬೆರಳಚ್ಚಿನಂಥ ಎಂಡಿ5 ಸಂಖ್ಯೆ ಹೊಂದಿಸಿ ನೋಡಿ ಫೈಲು ಪೂರ್ತಿಯಾಗಿ ಬಂದಿದೆಯೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಬ್ರ್ಯಾಮ್ ಕೋಹೆನ್ 2001ರಲ್ಲಿ ಬಿಡುಗಡೆ ಮಾಡಿದ ಬಿಟ್‌ಟೊರೆಂಟ್ ಈ ಮೂರೂ ಅಭ್ಯಾಸಗಳನ್ನು ಒಂದು ನಿಯಮಾವಳಿಯೊಳಗೆ ಸೇರಿಸಿತು: ತುಂಡು ಮಾಡು, ತುಂಡು ತುಂಡನ್ನೂ ಪರೀಕ್ಷಿಸು, ನಿಂತಲ್ಲಿಂದ ಮುಂದುವರಿಸು. ಇಳಿಸುತ್ತಿರುವವನೇ ಹಂಚುವವನೂ ಆದ. ದುರ್ಬಲ ಜಾಲದಲ್ಲಿ ಹುಟ್ಟಿದ ಜಾಣತನ ಇದು.

ಕೈಯಿಂದ ಕೈಗೆ

ಹೀಗೆ ಕಷ್ಟಪಟ್ಟು ಇಳಿಸಿದ್ದನ್ನು ಯಾರು ತಾನೇ ಅಳಿಸುತ್ತಾರೆ? ಸಿಡಿಗೆ ಬರೆದು, ಮೇಲೆ ಮಾರ್ಕರಿನಲ್ಲಿ ಹೆಸರು ಗೀಚಿ, ಪೌಚಿನಲ್ಲಿಟ್ಟರು. ಗೆಳೆಯರು ಕೇಳಿದರೆ ಕೊಟ್ಟರು, ಯಾಕೆಂದರೆ ಇನ್ನೊಬ್ಬರು ಮತ್ತೆ 40 ಗಂಟೆ ಕಾಯುವುದಕ್ಕಿಂತ ಒಂದು ಸಿಡಿ ಕೊಡುವುದು ಸುಲಭ. ಹಾಗಾಗಿ ಒಮ್ಮೆ ಇಳಿದ ಫೈಲಿಗೆ ಹತ್ತಾರು ಪ್ರತಿ ಹುಟ್ಟುತ್ತಿದ್ದವು. ಸೈಬರ್ ಕೆಫೆಗಳಲ್ಲಿ ಫ್ಲಾಪಿಗೆ ಹಾಕಿಕೊಂಡವರು, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಡಿ ಕೊಂಡವರು, ಆಮೇಲೆ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ‘ಹಾಡು ಹಾಕಿಸಿಕೊಂಡವರು’ ಎಲ್ಲರೂ ಇದೇ ಸರಪಳಿಯ ಕೊಂಡಿಗಳು. ಈ ಕೊನೆಯದು ಇನ್ನೂ ಪೂರ್ತಿ ಸತ್ತಿಲ್ಲ. ಹಳ್ಳಿಯ ಟ್ರ್ಯಾಕ್ಟರಿನಲ್ಲಿ, ಖಾಸಗಿ ಬಸ್ಸಿನಲ್ಲಿ ಪೆನ್‌ಡ್ರೈವ್ ಹಾಡುಗಳು ಈಗಲೂ ಮೊಳಗುತ್ತವೆ. ಘಟ್ಟದ ತಿರುವಿನಲ್ಲಿ ಸಿಗ್ನಲ್ ಹೋದರೂ ಆ ಹಾಡು ನಿಲ್ಲುವುದಿಲ್ಲ.

ಕನ್ನಡದ ಮಟ್ಟಿಗೆ ಡೌನ್‌ಲೋಡ್ ಇನ್ನೂ ಒಂದು ಮೆಟ್ಟಿಲು ಹಿಂದಿನಿಂದ ಶುರುವಾಗುತ್ತಿತ್ತು. 1996ರಲ್ಲಿ ಯು.ಬಿ. ಪವನಜ ಅವರ ವಿಶ್ವಕನ್ನಡ ಜಾಲತಾಣ ಬಂದ ಹೊತ್ತಿಗೆ ಕಂಪ್ಯೂಟರುಗಳಿಗೆ ಕನ್ನಡ ಅಕ್ಷರವೇ ಗೊತ್ತಿರಲಿಲ್ಲ. ಆ ಕಾಲದ ಕನ್ನಡ ತಾಣಗಳಲ್ಲಿ ಓದಲು ಹೊರಟವರು ಮೊದಲು ಫಾಂಟ್ ಇಳಿಸಿಕೊಳ್ಳಬೇಕಿತ್ತು. ಒಂದು ತಾಣದ ಫಾಂಟ್ ಇನ್ನೊಂದಕ್ಕೆ ಆಗುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಾಗ ಅವೂ ಸಿಡಿಯಿಂದ ಸಿಡಿಗೆ ಹಬ್ಬಿದವು. ವಿಂಡೋಸ್ ಎಕ್ಸ್‌ಪಿ ಜತೆಗೆ ತುಂಗಾ ಫಾಂಟ್ ಬಂದು, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಕೊಡುವ ಯುನಿಕೋಡ್ ನೆಲೆಯೂರುವ ತನಕ ಕನ್ನಡ ಓದುಗನಿಗೆ ಇಂಟರ್ನೆಟ್ ಎಂದರೆ ಮೊದಲು ಇಳಿಸು, ಆಮೇಲೆ ಓದು.

ವೇಗ ಬಂತು, ಪ್ರತಿ ಹೋಯಿತು

2004ರ ಬ್ರಾಡ್‌ಬ್ಯಾಂಡ್ ನೀತಿಯಲ್ಲಿ 256 ಕೆಬಿಪಿಎಸ್ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಈಗಿನ ವ್ಯಾಖ್ಯೆಯಲ್ಲಿ ಕನಿಷ್ಠ 2 ಎಂಬಿಪಿಎಸ್ ಬೇಕು, ವಾಸ್ತವದಲ್ಲಿ ನಗರಗಳ ಮನೆಗಳಿಗೆ 100 ಎಂಬಿಪಿಎಸ್ ಸಾಮಾನ್ಯ. ಡೇಟಾಒನ್ ಕಾಲದಲ್ಲಿ ಒಂದು ರಾತ್ರಿ ಹಿಡಿಯುತ್ತಿದ್ದ ಸಿಡಿ ಈಗ ಒಂದು ನಿಮಿಷಕ್ಕೆ ಇಳಿಯುತ್ತದೆ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಬೆಲೆಯೂ ಕುಸಿಯಿತು. ಸರ್ಕಾರ ಕೊಡುವ ಲೆಕ್ಕದ ಪ್ರಕಾರ 2014ರಲ್ಲಿ ಒಂದು ಜಿಬಿ ಮೊಬೈಲ್ ಡೇಟಾಕ್ಕೆ ಸರಾಸರಿ 269 ರೂಪಾಯಿ ಆಗುತ್ತಿದ್ದರೆ ಈಗ ಹತ್ತು ರೂಪಾಯಿ ಆಸುಪಾಸು.

ಇಲ್ಲಿಂದ ಮುಂದಿನದು ಸರಳ ಆರ್ಥಿಕತೆ. ಒಂದು ವಸ್ತುವನ್ನು ಮತ್ತೆ ತರಲು ದುಬಾರಿಯಾದಾಗ ಮನೆಯಲ್ಲಿ ದಾಸ್ತಾನು ಇಡುತ್ತೇವೆ. ಬೇಕೆಂದಾಗ ಸಿಗುವುದಾದರೆ ಇಡುವುದಿಲ್ಲ. ಊರಿನ ಬಾವಿಯಿಂದ ಹೊತ್ತು ತರುತ್ತಿದ್ದಾಗ ಮನೆತುಂಬ ಹಂಡೆ, ಕೊಡಗಳಿದ್ದವು; ನಲ್ಲಿ ಬಂದ ಮೇಲೆ ಅವು ಅಟ್ಟ ಸೇರಿದವು. ಯಾರದೂ ತಪ್ಪಲ್ಲ. ಆದರೆ ನೀರು ಬಿಡುವ ಹೊತ್ತನ್ನು, ದರವನ್ನು, ಬಿಡಬೇಕೋ ಬೇಡವೋ ಎನ್ನುವುದನ್ನು ನಿರ್ಧರಿಸುವವರು ಬೇರೆಯವರು.

ಹಾಡಿನ ವಿಷಯದಲ್ಲಿ ಇದು ಈಗಾಗಲೇ ಅನುಭವಕ್ಕೆ ಬಂದಿದೆ. ರೆಸ್ಸೊ ಎಂಬ ಸಂಗೀತ ಆ್ಯಪ್ 2024ರ ಜನವರಿ 31ಕ್ಕೆ ಭಾರತದಲ್ಲಿ ನಿಂತಿತು. ಅದೇ ವರ್ಷ ಆಗಸ್ಟಿನಲ್ಲಿ ಏರ್‌ಟೆಲ್ ತನ್ನ ವಿಂಕ್ ಮ್ಯೂಸಿಕ್ಕನ್ನು ಮುಚ್ಚುವುದಾಗಿ ಹೇಳಿತು. ಇಂಥ ಆ್ಯಪ್‌ಗಳಲ್ಲಿ ವರ್ಷಗಟ್ಟಲೆ ಜೋಡಿಸಿದ ಪಟ್ಟಿ, ‘ಡೌನ್‌ಲೋಡ್’ ಮಾಡಿಟ್ಟ ಹಾಡು ಎಲ್ಲ ಆ್ಯಪ್ ಇರುವ ತನಕ ಮಾತ್ರ.

ಡೌನ್‌ಲೋಡ್ ಆಗಿದೆಯಲ್ಲ, ಹೋಗುವುದು ಹೇಗೆ ಎಂದು ಕೇಳುವವರಿದ್ದಾರೆ. ಆ್ಯಪ್ ಇಳಿಸುವುದು ಬೀಗ ಹಾಕಿದ ಫೈಲನ್ನು. ಬೀಗದ ಕೈ ಕಂಪನಿಯ ಸರ್ವರಿನಲ್ಲಿರುತ್ತದೆ. ಅದನ್ನು ಆ್ಯಪ್ ಆಗಾಗ ಹೋಗಿ ನವೀಕರಿಸಿಕೊಳ್ಳಬೇಕು. ಸ್ಪಾಟಿಫೈಯಲ್ಲಿ ಕನಿಷ್ಠ 30 ದಿನಕ್ಕೊಮ್ಮೆಯಾದರೂ ಆನ್‌ಲೈನ್ ಆಗದಿದ್ದರೆ ಇಳಿಸಿದ ಹಾಡು ಕೇಳಿಸದು. ಯೂಟ್ಯೂಬ್ 2014ರ ಡಿಸೆಂಬರಿನಲ್ಲಿ ಭಾರತದಲ್ಲಿ ಆಫ್‌ಲೈನ್ ಸೌಲಭ್ಯ ತಂದಾಗ ಇಳಿಸಿದ ವಿಡಿಯೊ ನೋಡಲು 48 ಗಂಟೆ ಅವಕಾಶವಿತ್ತು. ಫೋನಿನಲ್ಲಿ ಜಾಗ ನಮ್ಮದು, ಡೇಟಾ ಖರ್ಚು ನಮ್ಮದು, ಫೈಲು ಮಾತ್ರ ನಮ್ಮದಲ್ಲ. ಫೋನ್ ಬದಲಿಸುವಾಗ ಆ ಫೈಲನ್ನು ಹೊಸದಕ್ಕೆ ದಾಟಿಸಲಾಗದು, ಪಕ್ಕದವರಿಗೆ ಕೊಡಲಾಗದು, ಚಂದಾ ನಿಂತ ಮೇಲೆ ತೆರೆಯಲಾಗದು.

ಕ್ಯಾಲಿಫೋರ್ನಿಯಾ ಕಾನೂನಿನ ಒಂದು ವಿನಾಯಿತಿ

ಈಗ ಆ ಕಾನೂನಿಗೆ ಬರೋಣ. ಅದು ಕಂಪನಿಗಳಿಗೆ ಏನನ್ನೂ ನಿಷೇಧಿಸಿಲ್ಲ. ಪರವಾನಗಿ ಮಾರಬಹುದು, ಹಿಂತೆಗೆದುಕೊಳ್ಳಲೂಬಹುದು. ಮಾರುವಾಗ ಸತ್ಯ ಹೇಳಬೇಕು, ಅಷ್ಟೆ. ಚಂದಾ ಸೇವೆಗಳಿಗೆ ಇದು ಅನ್ವಯಿಸುವುದೇ ಇಲ್ಲ, ಯಾಕೆಂದರೆ ಅಲ್ಲಿ ಕೊಂಡ ಭ್ರಮೆ ಹುಟ್ಟುವುದಿಲ್ಲ.

ಕುತೂಹಲದ ಅಂಶ ಇನ್ನೊಂದು ವಿನಾಯಿತಿಯಲ್ಲಿದೆ. ಮಾರಿದವನು ಮತ್ತೆ ಕಸಿದುಕೊಳ್ಳಲಾಗದ ಸರಕಿಗೆ ಈ ಎಚ್ಚರಿಕೆ ಬೇಕಿಲ್ಲ. ಅಂಥ ಸರಕಿಗೆ ಕಾನೂನು ಕೊಡುವ ಉದಾಹರಣೆ: ಗ್ರಾಹಕ ತನ್ನ ಡಿಸ್ಕಿಗೆ ಶಾಶ್ವತವಾಗಿ ಇಳಿಸಿಕೊಂಡು, ಇಂಟರ್ನೆಟ್ ಇಲ್ಲದೆಯೂ ಬಳಸಬಹುದಾದದ್ದು. ಗೆಟ್‌ರೈಟ್ ಕಾಲದಲ್ಲಿ ಎಲ್ಲರೂ ಏನೂ ಯೋಚಿಸದೆ ಮಾಡುತ್ತಿದ್ದ ಕೆಲಸವನ್ನೇ ಶಾಸಕರು ಈಗ ಒಡೆತನದ ಅಳತೆಗೋಲಾಗಿ ತೆಗೆದುಕೊಂಡಿದ್ದಾರೆ.

ಈ ಕಾನೂನು ಬರಲು ಸಾಕಷ್ಟು ಪ್ರಸಂಗಗಳು ಒಟ್ಟುಗೂಡಿದ್ದವು. 2009ರಲ್ಲಿ ಅಮೆಜಾನ್, ಹಕ್ಕಿಲ್ಲದವರು ಮಾರಿದ್ದಾರೆಂಬ ಕಾರಣಕ್ಕೆ ಎರಡು ಪ್ರಸಿದ್ಧ ಕಾದಂಬರಿಗಳನ್ನು ಕೊಂಡವರ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿ, ಆಮೇಲೆ ಕ್ಷಮೆ ಕೇಳಿತ್ತು. 2023ರ ಡಿಸೆಂಬರಿನಲ್ಲಿ ಸೋನಿ, ಗ್ರಾಹಕರು ದುಡ್ಡು ಕೊಟ್ಟು ಕೊಂಡಿದ್ದ ಡಿಸ್ಕವರಿ ಕಾರ್ಯಕ್ರಮಗಳನ್ನು ತೆಗೆಯುವುದಾಗಿ ಹೇಳಿ, ಗಲಾಟೆಯಾದ ಮೇಲೆ ಹಿಂದೆ ಸರಿಯಿತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಒಂದು ಕಾರ್ ರೇಸಿಂಗ್ ಗೇಮಿನ ಸರ್ವರ್ ನಿಲ್ಲಿಸಿದಾಗ ಅದನ್ನು ಕೊಂಡವರ ಬಳಿ ಉಳಿದದ್ದು ಓಡದ ಡಿಸ್ಕು. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿತು.

ಹಂಬಲ ಮುಚ್ಚಿಡುವ ಸಂಗತಿಗಳು

ಎದುರು ವಾದವೂ ಗಟ್ಟಿಯಾಗಿಯೇ ಇದೆ. ಹಳೆಯ ಡೌನ್‌ಲೋಡಿನ ಬಹುಪಾಲು ಕಳ್ಳಮಾಲು. 1999ರಲ್ಲಿ ಎಂಪಿ3 ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂದು 2001ರಲ್ಲಿ ನ್ಯಾಯಾಲಯದ ಆದೇಶದಿಂದ ಬಾಗಿಲು ಮುಚ್ಚಿತು. ಅದರ ಜಾಗವನ್ನು ಕಜಾ, ಲೈಮ್‌ವೈರ್ ತುಂಬಿದವು. ಆ ಎಂಪಿ3ಗಳಿಂದ ಹಾಡಿದವರಿಗಾಗಲೀ ಬರೆದವರಿಗಾಗಲೀ ಬಿಡಿಗಾಸು ಸಿಗಲಿಲ್ಲ. ಕನ್ನಡದಂಥ ಸಣ್ಣ ಮಾರುಕಟ್ಟೆಯಲ್ಲಿ ಕ್ಯಾಸೆಟ್, ಸಿಡಿ ವ್ಯಾಪಾರ ಕುಸಿದಾಗ ಪೆಟ್ಟು ಜೋರಾಗಿಯೇ ಬಿತ್ತು. ಅಗ್ಗದ, ಕಾನೂನುಬದ್ಧ ಸ್ಟ್ರೀಮಿಂಗ್ ಬಂದ ಮೇಲೆ ಹಾಡಿಗೆ ಮತ್ತೆ ಆದಾಯ ಹುಟ್ಟಿತು ಎನ್ನುವುದು ಉದ್ಯಮದ ಮಾತು. ಅದರಲ್ಲಿ ಹಾಡಿದವರ ಪಾಲೆಷ್ಟು ಎಂಬ ಜಗಳ ಬೇರೆ, ಆದರೆ ಶೂನ್ಯಕ್ಕಿಂತ ಹೆಚ್ಚು ಎನ್ನುವುದನ್ನು ಒಪ್ಪಬೇಕು.

ಇನ್ನೊಂದು, ಆ ಕಾಲದ ಇಂಟರ್ನೆಟ್ ಕೆಲವರದ್ದು. 1995ರಲ್ಲಿ 5,000 ರೂಪಾಯಿ ಕೊಡಬಲ್ಲ, ಮನೆಯಲ್ಲಿ ಫೋನೂ ಕಂಪ್ಯೂಟರೂ ಇದ್ದ ಕುಟುಂಬಗಳು ಕರ್ನಾಟಕದಲ್ಲಿ ಎಷ್ಟಿದ್ದಿರಬಹುದು? ಇವತ್ತು ಕಲಬುರಗಿಯ ಹಳ್ಳಿಯ ಹುಡುಗಿ ಫೋನಿನಲ್ಲೇ ಪಾಠ ಕೇಳುತ್ತಾಳೆ. ನಿಧಾನದ ಹಂಬಲ ಆಗ ಒಳಗಿದ್ದವರಿಗೆ ಮಾತ್ರ ಸಾಧ್ಯ, ಹೊರಗೆ ನಿಂತಿದ್ದವರಿಗೆ ನೆನಪಿಸಿಕೊಳ್ಳಲು ಏನೂ ಇಲ್ಲ. ವೈರಸ್ಸುಗಳ ಕಥೆಯಂತೂ ಬೇಡ. ಹಾಡೆಂದು ಇಳಿಸಿದ್ದು ಕಂಪ್ಯೂಟರನ್ನೇ ನುಂಗಿದ ದಿನಗಳಿಗೇನೂ ಕಮ್ಮಿಯಿರಲಿಲ್ಲ.

ಈ ಎರಡೂ ಆಕ್ಷೇಪಗಳು ಸರಿ. ಆದರೆ ಅವು ಉತ್ತರಿಸುವುದು ಬೇರೊಂದು ಪ್ರಶ್ನೆಯನ್ನು. ವೇಗ ಬೇಡವೆಂದು ಯಾರೂ ವಾದಿಸುತ್ತಿಲ್ಲ, ಕದಿಯಲು ಬಿಡಿ ಎಂದೂ ಕೇಳುತ್ತಿಲ್ಲ. ದುಡ್ಡು ಕೊಟ್ಟು ಕೊಂಡದ್ದನ್ನು ಇಟ್ಟುಕೊಳ್ಳಲು ವೇಗದ ಜಾಲದಲ್ಲೂ ತಾಂತ್ರಿಕ ಅಡ್ಡಿಯಿಲ್ಲ. ಗೇಮುಗಳನ್ನು ಮಾರುವ ಜಿಒಜಿ, ಸಂಗೀತ ಮಾರುವ ಬ್ಯಾಂಡ್‌ಕ್ಯಾಂಪ್ ಬೀಗವಿಲ್ಲದ ಫೈಲುಗಳನ್ನೇ ಕೊಟ್ಟು ವ್ಯಾಪಾರ ನಡೆಸುತ್ತಿವೆ. ಬೀಗ ಹಾಕಬೇಕೆಂಬುದು ವ್ಯಾಪಾರದ ತೀರ್ಮಾನ.

ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಕಲಿಸಿದ್ದು

ಪ್ರತಿಗಳಿದ್ದರೆ ಏನಾಗುತ್ತದೆ, ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಹತ್ತು ಲಕ್ಷ ಪುಸ್ತಕಗಳ ಯೋಜನೆಯ ಭಾಗವಾಗಿ, ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಬಾಲಕೃಷ್ಣನ್ ಅವರ ಮುಂದಾಳತ್ವದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ರೂಪುಗೊಂಡಿತು. ದೇಶದ ಹಲವು ಗ್ರಂಥಾಲಯಗಳಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿದರು. ಸಾವಿರಾರು ಕನ್ನಡ ಪುಸ್ತಕಗಳೂ ಅದರಲ್ಲಿದ್ದವು. ಮರುಮುದ್ರಣವೇ ಕಾಣದ ಕಾದಂಬರಿ, ನಾಟಕ, ಶಾಸ್ತ್ರಗ್ರಂಥಗಳು.

ಆದರೆ ಬಳಸುವುದು ಶಿಕ್ಷೆ. ಪುಸ್ತಕ ಒಂದೊಂದೇ ಪುಟದ ಚಿತ್ರವಾಗಿ ತೆರೆಯುತ್ತಿತ್ತು, ಇಡೀ ಪುಸ್ತಕ ಇಳಿಸುವ ಗುಂಡಿ ಇರಲಿಲ್ಲ. ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಬಾಯಿಗೆ ಬಂದಂತೆ ಬರೆದಿದ್ದರಿಂದ ಹುಡುಕಿದ್ದು ಸಿಗುತ್ತಿರಲಿಲ್ಲ. ಸರ್ವರ್ ಎದ್ದಿರುವುದೇ ಅದೃಷ್ಟ. ಓದುಗರೇ ಪುಟಗಳನ್ನು ಸರದಿಯಲ್ಲಿ ಇಳಿಸಿ ಒಂದು ಪಿಡಿಎಫ್ ಮಾಡುವ ಪುಟ್ಟ ತಂತ್ರಾಂಶಗಳನ್ನು ಬರೆದುಕೊಂಡರು. ಡಯಲ್-ಅಪ್ ಕಾಲದ ಹಟವೇ ಇಲ್ಲಿಯೂ ಕೆಲಸ ಮಾಡಿದ್ದು: ತುಂಡು ತುಂಡಾಗಿ ತಾ, ನಿಂತಲ್ಲಿಂದ ಮುಂದುವರಿಸು, ಕೂಡಿಸು. ದೊಡ್ಡ ಮಟ್ಟದಲ್ಲಿ ಅದನ್ನು ಮಾಡಿದವರು ಪಬ್ಲಿಕ್ ರಿಸೋರ್ಸ್ ಸಂಸ್ಥೆಯ ಕಾರ್ಲ್ ಮಲಮುದ್. ನಾಲ್ಕು ಲಕ್ಷಕ್ಕೂ ಹೆಚ್ಚು ಪುಸ್ತಕಗಳ ಪ್ರತಿಯನ್ನು ಅವರು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಗ್ರಂಥಾಲಯಕ್ಕೆ ಸೇರಿಸಿದರು.

2017ರಲ್ಲಿ ಡಿಜಿಟಲ್ ಲೈಬ್ರರಿಯ ಮೂಲ ತಾಣ ಕೃತಿಸ್ವಾಮ್ಯದ ಕಾರಣ ಮುಂದಿಟ್ಟು ಮುಚ್ಚಿತು. ಆ ಪ್ರತಿಗಳು ಇಲ್ಲದೆ ಹೋಗಿದ್ದರೆ ಸಾರ್ವಜನಿಕ ಹಣದಲ್ಲಿ ಆದ ಅಷ್ಟೂ ಕೆಲಸ ಓದುಗರ ಪಾಲಿಗೆ ಇಲ್ಲವಾಗುತ್ತಿತ್ತು. ಬೆಂಗಳೂರಿನ ಸಂಚಯ ತಂಡ ಡಿಜಿಟಲ್ ಲೈಬ್ರರಿ ಮತ್ತು ಉಸ್ಮಾನಿಯಾ ವಿಶ್ವವಿದ್ಯಾಲಯದ ಸಂಗ್ರಹದ ಕನ್ನಡ ಪುಸ್ತಕಗಳಿಗೆ ಕನ್ನಡದಲ್ಲೇ ಹುಡುಕುವ ಸೂಚಿ ಮಾಡಿಕೊಟ್ಟಿತು. ಇವತ್ತು ಸಂಶೋಧನಾ ವಿದ್ಯಾರ್ಥಿ ನೂರು ವರ್ಷ ಹಳೆಯ ಕನ್ನಡ ಪುಸ್ತಕವನ್ನು ಮನೆಯಲ್ಲಿ ಕೂತು ಓದುತ್ತಿದ್ದರೆ, ಅದಕ್ಕೆ ಯಾರೋ ಅನುಮತಿಗೆ ಕಾಯದೆ ಇಳಿಸಿಟ್ಟುಕೊಂಡದ್ದೇ ಕಾರಣ.

ಇದರಲ್ಲಿ ಕೃತಿಸ್ವಾಮ್ಯದ ತೊಡಕು ಇಲ್ಲವೇ? ಇದೆ. ಆ ಸಂಗ್ರಹದಲ್ಲಿ ಹಕ್ಕು ಮುಗಿಯದ ಪುಸ್ತಕಗಳೂ ಸೇರಿದ್ದವು. ಲೇಖಕರ, ಪ್ರಕಾಶಕರ ದೂರು ಸುಳ್ಳಲ್ಲ. ಆದರೆ ಕೆಲವು ಪುಸ್ತಕಗಳ ತಕರಾರಿಗೆ ಇಡೀ ತಾಣ ಮುಚ್ಚಿದರೆ, ಹಕ್ಕು ಮುಗಿದವೂ ಜತೆಗೆ ಮುಳುಗುತ್ತವೆ. ಒಂದೇ ಕಡೆ ಇಟ್ಟದ್ದರ ಅಪಾಯ ಅದು. ಇಂಟರ್ನೆಟ್ ಆರ್ಕೈವ್ ಕೂಡ ಈ ಮಾತಿಗೆ ಹೊರತಲ್ಲ: ಪ್ರಕಾಶಕರು ಹೂಡಿದ ಮೊಕದ್ದಮೆಯಲ್ಲಿ ಸೋತು, ಎರವಲು ಕೊಡುತ್ತಿದ್ದ ಲಕ್ಷಾಂತರ ಪುಸ್ತಕಗಳನ್ನು ಅದು ತೆಗೆಯಬೇಕಾಯಿತು, 2024ರ ಸೆಪ್ಟೆಂಬರಿನಲ್ಲಿ ಮೇಲ್ಮನವಿಯನ್ನೂ ಸೋತಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೈಬರ್ ದಾಳಿಗೆ ಸಿಕ್ಕಿ ದಿನಗಟ್ಟಲೆ ಸ್ಥಗಿತಗೊಂಡಿತ್ತು.

ನಮ್ಮ ಕಾನೂನು ಏನು ಹೇಳುತ್ತದೆ

ಕ್ಯಾಲಿಫೋರ್ನಿಯಾದಂಥ ನಿಯಮ ಭಾರತದಲ್ಲಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳ ಮೋಸದ ವಿನ್ಯಾಸಗಳನ್ನು ತಡೆಯಲು ಮಾರ್ಗಸೂಚಿ ಹೊರಡಿಸಿ ಹದಿಮೂರು ಬಗೆಗಳನ್ನು ಪಟ್ಟಿಮಾಡಿತು. ಪರವಾನಗಿಯನ್ನು ಖರೀದಿ ಎಂದು ಮಾರುವುದು ಆ ಪಟ್ಟಿಯಲ್ಲಿ ಹೆಸರಾಗಿ ಬಂದಿಲ್ಲ.

ಇನ್ನೊಂದು ಕಡೆ ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಉದಾರ. ಅಲ್ಲಿನ 1998ರ ಡಿಜಿಟಲ್ ಕೃತಿಸ್ವಾಮ್ಯ ಕಾಯ್ದೆಯಡಿ, ನಿಗದಿತ ವಿನಾಯಿತಿಗಳನ್ನು ಬಿಟ್ಟರೆ, ಫೈಲಿನ ಬೀಗ ಮುರಿಯುವುದೇ ತಪ್ಪು, ಉದ್ದೇಶ ಏನೇ ಇರಲಿ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮು ಬೀಗ ಮುರಿಯುವುದನ್ನು ಶಿಕ್ಷಾರ್ಹ ಮಾಡಿದ್ದು ಹಕ್ಕು ಉಲ್ಲಂಘಿಸುವ ಉದ್ದೇಶ ಇದ್ದಾಗ ಮಾತ್ರ. ಕಾಯ್ದೆ ಸ್ಪಷ್ಟವಾಗಿ ನಿಷೇಧಿಸದ ಉದ್ದೇಶಕ್ಕೆ ಮಾಡಿದರೆ ಅಡ್ಡಿಯಿಲ್ಲ ಎಂದು ಅದೇ ಕಲಮು ಹೇಳುತ್ತದೆ. ಸ್ವಂತ ಬಳಕೆ, ಸಂಶೋಧನೆಗೆ ನ್ಯಾಯಯುತ ಬಳಕೆಯ ಅವಕಾಶ 52ನೇ ಕಲಮಿನಲ್ಲಿ ಇದೆ. ಎರಡನ್ನೂ ಸೇರಿಸಿ ಓದಿದರೆ, ಕೊಂಡ ಪುಸ್ತಕದ ಪ್ರತಿಯನ್ನು ಸ್ವಂತಕ್ಕೆ ಇಟ್ಟುಕೊಳ್ಳುವವನ ಪರವಾಗಿ ವಾದಿಸಲು ಜಾಗವಿದೆ. ಆದರೆ ಆ್ಯಪ್ ಹಾಕಿಕೊಳ್ಳುವಾಗ ಓದದೆ ಒಪ್ಪಿದ ಕರಾರು ಬೇರೆಯದೇ ಹೇಳುತ್ತಿರುತ್ತದೆ, ಅದನ್ನು ಮೀರಿದರೆ ಖಾತೆ ಹೋಗಬಹುದು. ಕಾನೂನು ಬಿಟ್ಟುಕೊಟ್ಟ ಜಾಗವನ್ನು ಕರಾರು ಮುಚ್ಚಬಹುದೇ ಎಂಬುದು ಮುಂದೆ ನ್ಯಾಯಾಲಯದ ಮುಂದೆ ಬರಬೇಕಾದ ಪ್ರಶ್ನೆ.

ಮುಂದೇನಾಗಬಹುದು

ದೊಡ್ಡ ಕಂಪನಿಗಳು ಗುಂಡಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿ ಮುಂದೆ ಹೋಗುತ್ತವೆ. ಗೇಮ್ ಮಾರುವ ಸ್ಟೀಮ್, ಕಿಂಡಲ್‌ನ ಅಮೆರಿಕದ ಅಂಗಡಿ ಈಗಾಗಲೇ ಹಾಗೆ ಮಾಡಿವೆ. ಎಚ್ಚರಿಕೆ ಓದಿ ಕೊಳ್ಳುವುದನ್ನು ಬಿಡುವವರು ಕಡಿಮೆ. ಸಿಡಿ, ಎಂಪಿ3 ಪ್ಲೇಯರ್, ಮನೆಯದೇ ಸರ್ವರ್ ಇಟ್ಟುಕೊಳ್ಳುವವರು ಸಣ್ಣದೊಂದು ಗುಂಪಾಗಿ ಉಳಿಯುತ್ತಾರೆ. ಹಾಡು, ಸಿನಿಮಾಗಳ ಜನಪ್ರಿಯ ಭಾಗ ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ, ಅದಕ್ಕೆ ಗಿರಾಕಿಗಳಿದ್ದಾರೆ.

ತೊಂದರೆ ಗಿರಾಕಿ ಇಲ್ಲದ್ದಕ್ಕೆ. ಕಡಿಮೆ ಕೇಳುವ ಹಳೆಯ ಭಾವಗೀತೆಯ ಧ್ವನಿಮುದ್ರಣ, ನಾಟಕದ ಕ್ಯಾಸೆಟ್, ನಿಂತುಹೋದ ಪತ್ರಿಕೆಯ ಜಾಲತಾಣ, ಒಂದೇ ಆ್ಯಪ್‌ನಲ್ಲಿ ಮಾತ್ರ ಬಂದ ಕನ್ನಡ ಇ-ಪುಸ್ತಕ. 2016ರ ಕೊನೆಯಲ್ಲಿ ಕಿಂಡಲ್ ಅಂಗಡಿ ಐದು ಭಾರತೀಯ ಭಾಷೆಗಳಿಗೆ ತೆರೆದುಕೊಂಡಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಗಳಿದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡದ ಇ-ಪುಸ್ತಕ ಸಣ್ಣ ಸಂಸ್ಥೆಗಳ ಆ್ಯಪ್‌ಗಳಲ್ಲಿ ಬೆಳೆಯಿತು. ಅವು ಒಳ್ಳೆಯ ಕೆಲಸವನ್ನೇ ಮಾಡುತ್ತಿವೆ, ಆದರೆ ಸಣ್ಣ ಸಂಸ್ಥೆಗೆ ಕಷ್ಟ ಬಂದರೆ ಅದರ ಆ್ಯಪ್‌ನೊಳಗಿನ ಪುಸ್ತಕಕ್ಕೂ ಕಷ್ಟ.

ಖಾಸಗಿ ಕಂಪನಿಗಳ ಕರಾರನ್ನು ಬೆಂಗಳೂರಿನಿಂದ ಬದಲಿಸುವುದು ಸುಲಭವಲ್ಲ. ಸರ್ಕಾರದ ಕರಾರನ್ನು ಬದಲಿಸಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 2016ರಲ್ಲಿ ಶುರುಮಾಡಿದ ಭಾರತವಾಣಿಯಲ್ಲಿ ನಿಘಂಟು, ಪುಸ್ತಕಗಳನ್ನು ಪಿಡಿಎಫ್ ರೂಪದಲ್ಲೂ ಇಟ್ಟಿದ್ದಾರೆ. ಬೇರೆ ಇಲಾಖೆ, ಅಕಾಡೆಮಿ, ವಿಶ್ವವಿದ್ಯಾಲಯಗಳು ಗ್ರಂಥಗಳ ಡಿಜಿಟಲೀಕರಣಕ್ಕೆ ಟೆಂಡರ್ ಕರೆಯುವಾಗಲೂ ಒಂದು ಷರತ್ತು ಸೇರಿಸುವುದಕ್ಕೆ ಹೆಚ್ಚಿನ ಖರ್ಚಿಲ್ಲ: ಹಕ್ಕು ಮುಗಿದ ಕೃತಿಗಳು ತಾಣದಲ್ಲಿ ಪುಟ ತಿರುವಿ ನೋಡಲು ಸಿಕ್ಕರೆ ಸಾಲದು, ಪೂರ್ತಿ ಫೈಲಾಗಿ, ಒಟ್ಟಿಗೆ ಇಳಿಸಿಕೊಳ್ಳುವಂತೆ ಇರಬೇಕು, ಗುತ್ತಿಗೆ ಮುಗಿದು ಸರ್ವರ್ ನಿಂತರೂ ಪ್ರತಿ ಕನಿಷ್ಠ ಎರಡು ಗ್ರಂಥಾಲಯಗಳಲ್ಲಿ ಉಳಿದಿರಬೇಕು.